ಘಟ್ಟದ ಅಂಚಿಗೇ ರಾಜ್ಯ ಮುಗಿದಿದ್ದರೆ: ಸಕಲೇಶಪುರದ ಗಡಿಯ ಪ್ರಕರಣ

1956ರ ಅಕ್ಟೋಬರ್ 31ರ ತನಕ ಸಕಲೇಶಪುರ ತಾಲ್ಲೂಕು ಮೂರು ರಾಜ್ಯಗಳು ಕೂಡುವ ಮೂಲೆಯಾಗಿತ್ತು. ಘಟ್ಟದ ಮೇಲೆ ಮೈಸೂರು. ಶಿರಾಡಿಯಲ್ಲೋ ಬಿಸಿಲೆಯಲ್ಲೋ ಇಳಿದರೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಯಸಳೂರು ದಾಟಿ ಕೊಡ್ಲಿಪೇಟೆ, ಶನಿವಾರಸಂತೆ ಕಡೆ ಹೋದರೆ ಕೊಡಗು. ಆ ಪುಟ್ಟ ಕೊಡಗಿಗೂ ಅದರದ್ದೇ ವಿಧಾನಸಭೆ, ಅದರದ್ದೇ ಮುಖ್ಯಮಂತ್ರಿ. ಮಾರನೇ ದಿನ ನವೆಂಬರ್ 1. ಮೂರೂ ಒಂದೇ ರಾಜ್ಯ.

ಕನ್ನಡದವರೆಲ್ಲ ಒಂದಾಗಲೇಬೇಕಿತ್ತು, ಆದರು ಅಂತ ನಾವು ಶಾಲೆಯಿಂದಲೂ ಕೇಳಿಕೊಂಡು ಬಂದಿದ್ದೇವೆ. ನನಗೆ ಅದು ಅಷ್ಟು ಸಲೀಸಾಗಿ ಕಾಣಿಸಲ್ಲ. ಘಟ್ಟದ ಅಂಚಿನ ಆ ಗಡಿ ಇವತ್ತಿಗೂ ರಾಜ್ಯದ ಗಡಿಯಾಗಿಯೇ ಉಳಿಯುವುದಕ್ಕೆ ಬೇಕಾದಷ್ಟು ಕಾರಣ ಇತ್ತು. ಉಳಿಯಲಿ ಅನ್ನುವವರೂ ಕಡಿಮೆ ಇರಲಿಲ್ಲ. ಅದು ಹೋಗಿದ್ದು ಬೇರೆ ದಾರಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡಿದ್ದರಿಂದ. ಆ ದಾರಿಗಳು ಯಾವುವು, ಅವುಗಳಲ್ಲಿ ಒಂದು ತೆರೆದೇ ಇದ್ದಿದ್ದರೆ ಈ ಮೂಲೆಯ ಜನಕ್ಕೆ ಏನಾಗುತ್ತಿತ್ತು ಅನ್ನುವುದೇ ಈ ಪ್ರಕರಣ.

ಗೆರೆ ಎಳೆದವರು ಯಾರು

ಮೊದಲು ಒಂದು ವಿಷಯ. ಘಟ್ಟ ಇದೆ, ಅದಕ್ಕೇ ಗಡಿ ಇತ್ತು ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಕೆಳದಿಯವರು ಘಟ್ಟದ ಮೇಲೂ ಆಳಿದರು, ಕೆಳಗೂ ಆಳಿದರು. ಹೈದರ್, ಟಿಪ್ಪು ಕಾಲದಲ್ಲಿ ಮಂಗಳೂರು ಮೈಸೂರಿನ ಬಂದರು. ಸಕಲೇಶಪುರದ ಪಕ್ಕದಲ್ಲೇ ಇರುವ ಮಂಜರಾಬಾದ್ ಕೋಟೆಯನ್ನು ಟಿಪ್ಪು 1792ರಲ್ಲಿ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ್ದು ಕಡಲಿಗೆ ಇಳಿಯುವ ದಾರಿಯ ಮೇಲೆ ಕಣ್ಣಿಡುವುದಕ್ಕೆ. ಅದೇನು ರಾಜ್ಯದ ಕೊನೆಯ ಬೇಲಿ ಅಲ್ಲ.

ಗಡಿ ಬಂದಿದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿತ್ತು. ಹಂಚಿಕೆಯಲ್ಲಿ ಇಡೀ ಕೆನರಾ ಕರಾವಳಿಯನ್ನು ಈಸ್ಟ್ ಇಂಡಿಯಾ ಕಂಪನಿ ತಾನೇ ಇಟ್ಟುಕೊಂಡಿತು. ಒಡೆಯರಿಗೆ ಕೊಟ್ಟ ಮೈಸೂರಿಗೆ ಒಂದು ಮಾರು ಸಮುದ್ರವೂ ಸಿಗಲಿಲ್ಲ. ಇದು ಬೇಕಂತಲೇ ಮಾಡಿದ್ದು. ಟಿಪ್ಪು ಫ್ರೆಂಚರ ಜೊತೆ ಸಂಪರ್ಕ ಇಟ್ಟುಕೊಂಡಿದ್ದು ಅದೇ ಕಡಲಿನಿಂದ ಅಲ್ವಾ? ಇನ್ನು ಮೈಸೂರಿನಲ್ಲಿ ಯಾರೇ ಕೂತರೂ ಕಡಲು ಕಾಣಬಾರದು ಅನ್ನುವುದು ಲೆಕ್ಕಾಚಾರ. ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕ ಬಗ್ಗಲಿಲ್ಲ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಈ ಕಾಡಿಗೆ ನುಗ್ಗಿ ಅವನನ್ನು ಹಿಡಿದು ನೇಣಿಗೇರಿಸಿತು. ಅಲ್ಲಿಗೆ ಘಟ್ಟದ ಮೇಲಿನ ತಕರಾರು ಮುಗಿಯಿತು.

ಕೊಡಗಿನ ಕಡೆಯ ಗೆರೆ ಇನ್ನೂ ವಿಚಿತ್ರ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಆಗ ಕೊಡಗಿನ ರಾಜನ ಕೈಲಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಿತ್ತು ಕೆನರಾಕ್ಕೆ ಸೇರಿಸಿತು. ಕಾಗದದ ಮೇಲೆ ಒಂದು ಆದೇಶ, ಅಷ್ಟೇ. ಆದರೆ ಕೊಡಗಿನ ರಾಜನ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡಬಹುದಿತ್ತು. ಕೆನರಾಕ್ಕೆ ಸೇರಿದ ಮೇಲೆ ನಗದು ಬೇಕು ಅಂದರು. ಭತ್ತ, ಅಡಿಕೆ ಮಾರಿ ದುಡ್ಡು ಮಾಡಿಕೊಂಡು ಬಂದು ಕಟ್ಟು ಅಂದರೆ ಮಧ್ಯೆ ವ್ಯಾಪಾರಿಯ ಕಾಲು ಹಿಡಿಯಬೇಕು. 1837ರಲ್ಲಿ ಸುಳ್ಯದ ಕಡೆಯ ರೈತರು ಎದ್ದರು. ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು ದಾಟಿ, ಏಪ್ರಿಲ್‌ನಲ್ಲಿ ಮಂಗಳೂರಿಗೇ ನುಗ್ಗಿ ಕೆಲವು ದಿನ ಊರನ್ನು ಹಿಡಿದಿಟ್ಟುಕೊಂಡರು. ಆಮೇಲೆ ಕಂಪನಿಯ ಪಡೆ ಬಂದು ಬಗ್ಗುಬಡಿಯಿತು, ಮುಂದಾಳುಗಳನ್ನು ಗಲ್ಲಿಗೆ ಹಾಕಿದರು. ಇದನ್ನು ಸ್ವಾತಂತ್ರ್ಯ ಹೋರಾಟ ಅಂತ ಮಾತ್ರ ಓದಿ ಬಿಡುತ್ತೇವೆ. ಗಡಿ ಬದಲಾದರೆ ಬಡ ರೈತನಿಗೆ ಮೊದಲು ಏನು ಬದಲಾಗುತ್ತೆ ಅನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆಯೂ ಇದೇ.

ಮುಂದೆ ಕೆನರಾವನ್ನೇ ಎರಡು ಮಾಡಿ 1862ರಲ್ಲಿ ಉತ್ತರದ ಭಾಗವನ್ನು ಬೊಂಬಾಯಿಗೆ ಕೊಟ್ಟರು. ಧಾರವಾಡದ ಹತ್ತಿ ಕಾರವಾರದಿಂದ ಹಡಗು ಹತ್ತಬೇಕಿತ್ತು, ಆ ವ್ಯಾಪಾರದವರೆಲ್ಲ ಬೊಂಬಾಯಿಯವರು. ಹೀಗೆ ಒಂದು ಗೆರೆ ಫ್ರೆಂಚರ ಭಯಕ್ಕೆ, ಒಂದು ಗೆರೆ ಕಂದಾಯಕ್ಕೆ, ಒಂದು ಗೆರೆ ಹತ್ತಿಗೆ. ಭಾಷೆಯ ಮಾತು ಯಾರೂ ಎತ್ತಿರಲಿಲ್ಲ. ಎತ್ತಿದ್ದರೂ ಸರಿಹೋಗುತ್ತಿರಲಿಲ್ಲ. ಕನ್ನಡದ್ದೇ ಒಂದು ಬಗೆಯಾದ ಅರೆಭಾಷೆ ಮಾತಾಡುವವರು ಸುಳ್ಯದಲ್ಲೂ ಇದ್ದಾರೆ, ಕೊಡಗಿನಲ್ಲೂ ಇದ್ದಾರೆ. ತುಳು ಮಾತಾಡುವವರು ಘಟ್ಟ ಹತ್ತಿ ಬಂದು ಸಕಲೇಶಪುರ, ಮೂಡಿಗೆರೆ ತೋಟಗಳಲ್ಲಿ ಲೈನು ಮನೆಗಳಲ್ಲಿ ತಲೆಮಾರುಗಟ್ಟಲೆ ಕಳೆದಿದ್ದಾರೆ.

ಬೇರೆ ನಕ್ಷೆಗಳು

1947 ಆಯಿತು. ಹೊರಗಿನವರು ಎಳೆದ ಒಳಗೆರೆಗಳನ್ನು ಏನು ಮಾಡಬೇಕು?

ಒಂದು ದಾರಿ, ಸುಮ್ನೆ ಹಾಗೇ ಬಿಡುವುದು. ಆಫ್ರಿಕಾದ ದೇಶಗಳು 1964ರಲ್ಲಿ ಕೈರೋದಲ್ಲಿ ಸೇರಿ ಇದನ್ನೇ ಮಾಡಿದವು. ಯುರೋಪಿನವರು ಬಿಟ್ಟುಹೋದ ಗಡಿ ಎಷ್ಟೇ ಕೆಟ್ಟದ್ದಾಗಿದ್ದರೂ ಅದನ್ನೇ ಒಪ್ಪಿಕೊಳ್ಳೋಣ, ಕೈ ಹಾಕಿದರೆ ಮುಗಿಯದ ಜಗಳ ಅಂತ. ಸೊಮಾಲಿಯಾ, ಮೊರಾಕ್ಕೊ ಬಿಟ್ಟರೆ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದರು. ಅದು ದೇಶಗಳ ನಡುವಿನ ಗಡಿ, ಇದು ದೇಶದ ಒಳಗಿನ ಗಡಿ, ನಿಜ. ಆದರೆ ದೆಹಲಿಯಲ್ಲಿ ಮೊದಮೊದಲು ಇದ್ದ ಮನಸ್ಸು ಹೆಚ್ಚುಕಡಿಮೆ ಅದೇ. 1948ರ ಧರ್ ಆಯೋಗ ಭಾಷೆಯ ಮೇಲೆ ರಾಜ್ಯ ಬೇಡ ಅಂದಿತು. ಮರುವರ್ಷ ನೆಹರು, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಮೂವರೂ ಕೂತು ಸದ್ಯಕ್ಕೆ ಮುಂದಕ್ಕೆ ಹಾಕೋಣ ಅಂದರು. ತೆಲುಗರಿಗೆ ಬೇರೆ ರಾಜ್ಯ ಕೇಳಿ ಕೂತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್‌ನಲ್ಲಿ ಉಪವಾಸದಲ್ಲೇ ಸಾಯದೇ ಇದ್ದಿದ್ದರೆ ಆ 'ಮುಂದಕ್ಕೆ' ಎಷ್ಟು ವರ್ಷ ಎಳೆಯುತ್ತಿತ್ತೋ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ಆಯಿತು. ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಜ್ಯಗಳ ನಕ್ಷೆ ಹೊಸದಾಗಿ ಬರೆಯುವುದಕ್ಕೆ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮೂವರ ಆಯೋಗ ಕೂತಿತು. ಒಮ್ಮೆ ಆಂಧ್ರ ಕೊಟ್ಟ ಮೇಲೆ ಬೇರೆಯವರಿಗೆ ಇಲ್ಲ ಅನ್ನುವುದು ಹೇಗೆ? ಮೊದಲ ದಾರಿ ಅಲ್ಲಿಗೆ ಮುಚ್ಚಿತು.

ಎರಡನೇ ದಾರಿ ನಮಗೆ ತೀರಾ ಹತ್ತಿರದ್ದು: ಎರಡು ಕನ್ನಡ ರಾಜ್ಯ. ಹಳೇ ಮೈಸೂರಿನಲ್ಲಿ ಇದಕ್ಕೆ ದೊಡ್ಡ ಬೆಂಬಲವೇ ಇತ್ತು. ನಮಗೆ ಕಾರ್ಖಾನೆ ಇದೆ, ಕರೆಂಟ್ ಇದೆ, ಕಾಲೇಜಿದೆ, ಬಡ ಜಿಲ್ಲೆಗಳನ್ನು ಕಟ್ಟಿಕೊಂಡು ನಾವ್ಯಾಕೆ ಒದ್ದಾಡಬೇಕು ಅನ್ನುವುದು ಬಾಯಿ ಬಿಟ್ಟು ಹೇಳುವ ಕಾರಣ. ಒಳಗಿನ ಕಾರಣ ಜಾತಿ ಲೆಕ್ಕ. ಮೈಸೂರಿನಲ್ಲಿ ಒಕ್ಕಲಿಗರು ಹತ್ತಿರ ಹತ್ತಿರ 29 ಶೇಕಡಾ. ಹೊರಗಿನ ಕನ್ನಡ ಭಾಗಗಳಲ್ಲಿ ಲಿಂಗಾಯತರು 35ರಿಂದ 40 ಶೇಕಡಾ ಅಂತ ಆಯೋಗವೇ ಬರೆದಿದೆ. ಒಂದಾದರೆ ಅಧಿಕಾರ ಕೈ ತಪ್ಪುತ್ತೆ ಅನ್ನುವ ದಿಗಿಲು. ಹಾಸನದಂಥ ಒಕ್ಕಲಿಗರ ಜಿಲ್ಲೆಯಲ್ಲಿ ಈ ಮಾತು ಎಷ್ಟು ಬೇಗ ಅರ್ಥವಾಗುತ್ತಿತ್ತು ಅಂತ ಹೇಳಬೇಕಿಲ್ಲ. ಆಯೋಗ ಏನು ಮಾಡಿತು ಗೊತ್ತಾ? ಕೂಡಿಸಿ ನೋಡಿತು. ಒಂದಾದ ರಾಜ್ಯದಲ್ಲಿ ಲಿಂಗಾಯತರು 20 ಶೇಕಡಾಕ್ಕೆ ಸ್ವಲ್ಪ ಜಾಸ್ತಿ, ಒಕ್ಕಲಿಗರು 13–14, ಹರಿಜನರು 17–18. ಯಾರೊಬ್ಬರೂ ಮೇಲುಗೈ ಆಗಲ್ಲ, ಹೆದರಬೇಡಿ ಅಂದಿತು. ರಾಜಕೀಯದಲ್ಲಿ ಶೇಕಡಾ ಲೆಕ್ಕ ಕೂಡಿಸಿದಷ್ಟು ಸುಲಭಕ್ಕೆ ಮುಗಿಯಲ್ಲ ಅಂತ ಮುಂದಿನ ಎಪ್ಪತ್ತು ವರ್ಷ ತೋರಿಸಿದೆ, ಅದು ಬೇರೆ ಕಥೆ.

ಇಲ್ಲಿ ಮಲೆನಾಡಿನವರ ಪಾತ್ರ ದೊಡ್ಡದು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಏಕೀಕರಣದ ಪರ ನಿಂತರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ನಿಂತರು. ಇಬ್ಬರೂ ಹಳೇ ಮೈಸೂರಿನವರೇ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಒಪ್ಪಿದ್ದರಿಂದ ಅವರ ಪಕ್ಷದಲ್ಲೇ ಗಲಾಟೆ. ಕೊನೆಗೆ 1956ರ ಆಗಸ್ಟ್‌ನಲ್ಲಿ ಅವರು ಕುರ್ಚಿ ಬಿಟ್ಟರು. ಮಲೆನಾಡಿನ ಕಡಿದಾಳ್ ಮಂಜಪ್ಪ ಎರಡೂವರೆ ತಿಂಗಳು ಕೂತು ಹಳೇ ಮೈಸೂರಿನ ಕೊನೆಯ ಮುಖ್ಯಮಂತ್ರಿ ಆದರು. ಹನುಮಂತಯ್ಯನವರ ಜಾಗದಲ್ಲಿ ಎರಡು ರಾಜ್ಯದ ಪರ ಗಟ್ಟಿಯಾಗಿ ನಿಲ್ಲುವ ಮನುಷ್ಯ ಇದ್ದಿದ್ದರೆ ದೆಹಲಿ ಒತ್ತಾಯ ಮಾಡುತ್ತಿತ್ತು ಅಂತ ನನಗೆ ಅನ್ನಿಸಲ್ಲ. ನನ್ನ ಪ್ರಕಾರ ನಿಜವಾಗಿ ಕೂದಲೆಳೆಯಲ್ಲಿ ತಪ್ಪಿದ ನಕ್ಷೆ ಇದೇ.

ಮೂರನೆಯದು ದಕ್ಷಿಣ ಪ್ರದೇಶ. 1956ರ ಶುರುವಿನಲ್ಲಿ ಮದ್ರಾಸ್, ತಿರುವಾಂಕೂರು–ಕೊಚ್ಚಿ, ಮೈಸೂರು ಎಲ್ಲ ಸೇರಿಸಿ ಒಂದೇ ದೊಡ್ಡ ರಾಜ್ಯ ಮಾಡಿಬಿಡೋಣ ಅನ್ನುವ ಮಾತು ಗಂಭೀರವಾಗಿಯೇ ನಡೆಯಿತು. ತಮಿಳುನಾಡಿನಲ್ಲಿ ಪೆರಿಯಾರ್ ಸಿಡಿದರು, ಕಾಮರಾಜ್ ಹಿಂದೆ ಸರಿದರು, ಕೆಲವೇ ವಾರದಲ್ಲಿ ಅದು ಸತ್ತೇಹೋಯಿತು. ಆಗಿದ್ದರೆ ಶಿರಾಡಿಯ ಗಡಿ ಅಳಿಯುತ್ತಿತ್ತು, ಆದರೆ ಸಕಲೇಶಪುರದವರು ಏನೇ ಕೇಳಬೇಕಾದರೂ ಮದ್ರಾಸಿನ ಕಡೆ ಮುಖ ಮಾಡಬೇಕಾಗುತ್ತಿತ್ತೇನೋ.

ಇನ್ನು ಕೊಡಗು. 1951ರ ಜನಗಣತಿಯಲ್ಲಿ 2.29 ಲಕ್ಷ ಜನ. ವಿಧಾನಸಭೆಯಲ್ಲಿ 24 ಸ್ಥಾನ. 1952ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 15 ಬಂತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮೈಸೂರಿಗೆ ಸೇರುವುದು ಬೇಡ ಅಂತ ಪಂದ್ಯಂಡ ಬೆಳ್ಯಪ್ಪನವರ ಹಿಂದೆ ನಿಂತ ತಕ್ಕಡಿ ಪಕ್ಷದವರು ಉಳಿದ 9 ಗೆದ್ದರು. 24ರಲ್ಲಿ 9 ಅಂದರೆ ಸಣ್ಣ ಸಂಖ್ಯೆ ಅಲ್ಲ. ಆದರೂ ಇಷ್ಟು ಚಿಕ್ಕ ರಾಜ್ಯಗಳು ತಮ್ಮ ಕಾಲ ಮೇಲೆ ನಿಲ್ಲಲ್ಲ ಅನ್ನುವ ತೀರ್ಮಾನಕ್ಕೆ ಆಯೋಗ ಬಂದಾಗಿತ್ತು. ಕೊಡಗು ಉಳಿದಿದ್ದರೆ ಕಾವೇರಿಯ ಜಗಳ ಇವತ್ತು ಇರುವ ರೂಪದಲ್ಲಿ ಇರುತ್ತಿರಲಿಲ್ಲ. 2007ರ ತೀರ್ಪಿನಲ್ಲಿ 740 ಟಿಎಂಸಿಯಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮದನ್ನು 284.75ಕ್ಕೆ ಏರಿಸಿತು. ಈ ಮೇಜಿಗೆ ತಲಕಾವೇರಿಯನ್ನೇ ಇಟ್ಟುಕೊಂಡಿರುವ ಐದನೆಯವರು ಬಂದು ಕೂತಿದ್ದರೆ? ಹಾರಂಗಿಯ ನೀರು ಕೊಡಗಿನದ್ದು, ಹೇಮಾವತಿಯದ್ದು ಮೈಸೂರಿನದ್ದು ಅಂತ ಕನ್ನಡದವರ ನಡುವೆಯೇ ಇನ್ನೊಂದು ನ್ಯಾಯಮಂಡಳಿ ಬೇಕಾಗುತ್ತಿತ್ತು.

ಗಡಿ ಉಳಿದಿದ್ದರೆ

ಎರಡು ಕನ್ನಡ ರಾಜ್ಯ ಆಗಿ, ದಕ್ಷಿಣ ಕನ್ನಡ ಆಚೆಯ ರಾಜ್ಯಕ್ಕೆ ಹೋಗಿದೆ ಅಂದುಕೊಳ್ಳಿ. ಇದನ್ನು ಊಹಿಸಲು ಕಲ್ಪನೆ ಬೇಕಿಲ್ಲ, ಮಂಗಳೂರಿನ ದಕ್ಷಿಣಕ್ಕೆ ಕೇರಳದ ಗಡಿಯಲ್ಲಿರುವ ತಲಪಾಡಿಗೆ ಹೋದರೆ ಸಾಕು. ದಕ್ಷಿಣ ಕನ್ನಡ ಜಿಲ್ಲೆಯದ್ದೇ ಆಗಿದ್ದ ಕಾಸರಗೋಡು ತಾಲ್ಲೂಕನ್ನು 1956ರಲ್ಲಿ ಕೇರಳಕ್ಕೆ ಕೊಟ್ಟರು. ಚಂದ್ರಗಿರಿ ಹೊಳೆಯ ಉತ್ತರದ ಭಾಗವಾದರೂ ನಮ್ಮದು ಅಂತ ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ಜೀವನಪೂರ್ತಿ ಹೋರಾಡಿದರು. 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ್ ಆಯೋಗವೂ ಹೌದು ಅಂದಿತು. ಜಾರಿಗೆ ಬರಲಿಲ್ಲ. ಆದರೂ ಜನ ಏನೂ ತಲೆಕೆಡಿಸಿಕೊಳ್ಳದೆ ಮಂಗಳೂರಿನ ಆಸ್ಪತ್ರೆಗೆ, ಕಾಲೇಜಿಗೆ ಬರುತ್ತಿದ್ದರು. ಗಡಿ ಇದ್ದೂ ಇಲ್ಲದ ಹಾಗೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಕರ್ನಾಟಕದ ಕಡೆಯಿಂದ ರಸ್ತೆ ಬಂದ್ ಮಾಡಿದರು, ಕೆಲವು ಕಡೆ ಮಣ್ಣೇ ಸುರಿದರು. ಕಾಸರಗೋಡಿನ ರೋಗಿಗಳ ಆಂಬುಲೆನ್ಸ್ ಗಡಿಯಲ್ಲಿ ನಿಂತಿತು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಈಗ ಸಕಲೇಶಪುರದ ಕಡೆ ನೋಡಿ. ಹಾರ್ಟಿನದ್ದೋ ಕಿಡ್ನಿಯದ್ದೋ ಅಂದರೆ ಇಲ್ಲಿಯವರು ಬೆಂಗಳೂರಿಗಿಂತ ಮೊದಲು ನೆನೆಯುವುದು ಮಂಗಳೂರನ್ನ. ಆ ವಾರ ನಮ್ಮವರು ಶಿರಾಡಿ ಇಳಿದು ಹೋದರು, ಪಾಸ್ ತೋರಿಸಿದರು, ಆಯಿತು. ಘಟ್ಟದ ಅಂಚಿಗೇ ರಾಜ್ಯ ಮುಗಿದಿದ್ದರೆ ಶಿರಾಡಿ ಇಳಿದಾಗ ಸಿಗುವ ಗುಂಡ್ಯದಲ್ಲೂ ಮಣ್ಣು ಬೀಳುತ್ತಿತ್ತು. ಇದರಲ್ಲಿ ನನಗೆ ಸಂಶಯವೇ ಇಲ್ಲ. ಹಾಗೆ ಮಾಡುವವರು ಕೆಟ್ಟವರು ಅಂತ ಅಲ್ಲ, ರಾಜ್ಯ ಅಂದಮೇಲೆ ಅದರ ಕೈಯಲ್ಲಿ ಗೇಟು ಇರುತ್ತೆ.

ರೈಲಿನ ಮಾತು ಸ್ವಲ್ಪ ಜಟಿಲ. ಮಂಗಳೂರಿಗೆ ರೈಲು ಬಂದಿದ್ದು 1907ರಲ್ಲಿ, ಅದೂ ಕೇರಳದ ಮೂಲಕ ಮದ್ರಾಸಿನಿಂದ. ಕಣ್ಣೆದುರಿಗಿರುವ ಹಾಸನಕ್ಕೆ ಮಂಗಳೂರಿನಿಂದ ಹಳಿ ಕೂಡಿದ್ದು 1979ರಲ್ಲಿ. ನಡುವೆ 72 ವರ್ಷ! ಘಟ್ಟ ಕಷ್ಟ, ಒಪ್ಪೋಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯ ತನಕ 57 ಸುರಂಗ ಕೊರೆಯಬೇಕಾಯಿತು. ಆದರೆ ಮದ್ರಾಸಿನವರಿಗೆ ಮೈಸೂರಿಗೆ ಬಂದರು ಕೊಡುವ ಅವಸರ ಏನಿತ್ತು? ಮೈಸೂರಿನವರಿಗೂ ಅದು ಗೊತ್ತಿತ್ತು. ಅದಕ್ಕೇ ವಿಶ್ವೇಶ್ವರಯ್ಯನವರ ಕಾಲದಲ್ಲೇ ಭಟ್ಕಳದಲ್ಲಿ ಒಂದು ಬಂದರು ಮಾಡಿಕೊಳ್ಳುವ ಪ್ರಯತ್ನ ನಡೆದಿತ್ತು. ಒಂದೇ ರಾಜ್ಯ ಆದಮೇಲೆ ಮಂಗಳೂರಿನ ಪಣಂಬೂರಿನ ಬಂದರಿಗೂ ಈ ಹಳಿಗೂ ಒಟ್ಟಿಗೆ ಒತ್ತಡ ಹಾಕುವವರು ಸಿಕ್ಕರು. ಎರಡು ರಾಜ್ಯ ಆಗಿದ್ದರೆ ರೈಲೇ ಬರುತ್ತಿರಲಿಲ್ಲ ಅಂತ ಹೇಳಲ್ಲ, ಅದು ಕೇಂದ್ರದ್ದು. ಇನ್ನೂ ತಡವಾಗುತ್ತಿತ್ತು ಅನ್ನುವುದು ನನ್ನ ಊಹೆ.

ಕಾಫಿಗೆ ಹೆಚ್ಚೇನೂ ಆಗುತ್ತಿರಲಿಲ್ಲ. ಕಾಫಿ ಬೋರ್ಡು 1942ರ ಕೇಂದ್ರದ ಕಾನೂನಿನಲ್ಲಿ ಬಂದಿದ್ದು. ಬೆಳೆ ಯಾವ ರಾಜ್ಯದ್ದಾದರೂ ಬೋರ್ಡು ಒಟ್ಟುಗೂಡಿಸಿ ಮಾರುವ ಪೂಲಿಗೆ ಹೋಗಬೇಕಿತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವನ್ನು 1925ರಲ್ಲಿ ಮೈಸೂರು ಸರ್ಕಾರವೇ ಶುರುಮಾಡಿತ್ತು. ಕ್ಯೂರಿಂಗಿಗೆ, ಅಂದರೆ ಸಿಪ್ಪೆ ತೆಗೆದು ಹಸನು ಮಾಡುವುದಕ್ಕೆ, ಕಾಫಿ ಹೇಗೂ ಮಂಗಳೂರಿಗೆ ಇಳಿಯುತ್ತಿತ್ತು. ಹೆಚ್ಚೆಂದರೆ 2017ರಲ್ಲಿ ಜಿಎಸ್‌ಟಿ ಬರುವ ತನಕ ಘಟ್ಟದ ತುದಿಯಲ್ಲಿ ಒಂದು ಚೆಕ್‌ಪೋಸ್ಟು, ಲಾರಿ ಸಾಲು, ಅಲ್ಲೇ ನಾಲ್ಕು ಚಹಾ ಅಂಗಡಿ.

ಪೆಟ್ಟು ಬೀಳುತ್ತಿದ್ದದ್ದು ಗೇಣಿ ರೈತರಿಗೆ. ದೇವರಾಜ ಅರಸರ 1974ರ ಭೂಸುಧಾರಣೆಯ ಫಲ ಅತಿ ಹೆಚ್ಚು ಕಂಡಿದ್ದು ದಕ್ಷಿಣ ಕನ್ನಡದಲ್ಲಿ, ಯಾಕಂದರೆ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಅಂತ ಗೇಣಿ ತುಂಬಿ ತುಳುಕುತ್ತಿದ್ದ ಜಿಲ್ಲೆ ಅದು. ಹಾಸನದಲ್ಲಿ ಸ್ವಂತ ಸಾಗುವಳಿ ಜಾಸ್ತಿ, ಕಾಫಿ ತೋಟಗಳಿಗೆ ಮಿತಿಯಿಂದ ವಿನಾಯಿತಿ ಬೇರೆ. ಕರಾವಳಿ ಜೊತೆಗಿಲ್ಲದ ಮೈಸೂರಿನಲ್ಲಿ ಅಷ್ಟು ಗಟ್ಟಿ ಕಾನೂನು ಬರುತ್ತಿತ್ತಾ? ಬರುತ್ತಿರಲಿಲ್ಲ ಅಂತಲೇ ನನ್ನ ಅನಿಸಿಕೆ.

ಕಾಗದದಲ್ಲಿ ಉಳಿದ ಗಡಿ

ತಮಾಷೆ ಏನಂದರೆ ಗಡಿ ಪೂರ್ತಿ ಹೋಗಿಲ್ಲ. ಯಸಳೂರಿನ ಕಡೆ ನಮಗೆ ಪರಿಚಯದ ಒಂದು ಮನೆಯವರ ತೋಟ ಎರಡು ಜಿಲ್ಲೆಯಲ್ಲಿ ಹಂಚಿಕೊಂಡಿದೆ. ಕಾಗದ ತೆಗೆದು ಟೇಬಲ್ಲಿನ ಮೇಲೆ ಹರಡಿದರೆ ಹಾಸನದ ಪಹಣಿ ಸೀದಾ ಸಾದಾ ಓದಿಕೊಂಡು ಹೋಗುತ್ತೆ. ಕೊಡಗಿನದ್ದರಲ್ಲಿ ಬಾಣೆ (ಗದ್ದೆಗೆ ಹೊಂದಿಸಿ ಕೊಟ್ಟ ಕಾಡು ಜಾಗ) ಅಂತ ಬರುತ್ತೆ, ಅದರಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್ ಅಂತ ಬೇರೆ. ಅನ್‌ರಿಡೀಮ್ಡ್ ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿಲ್ಲ, ಹಾಗಾಗಿ ಮರದ ಮೇಲಿನ ಹಕ್ಕು ಸರ್ಕಾರದ್ದೇ. ಮರ ಕಡಿಯಬೇಕು ಅಂದಾಗಲೆಲ್ಲ ಮನೆಯ ಹಿರಿಯರಿಗೆ ತಲೆನೋವು. "ಹೊಳೆ ಈಚೆ ಮರಕ್ಕೆ ಒಂದು ಲೆಕ್ಕ, ಆಚೆ ಮರಕ್ಕೆ ಒಂದು ಲೆಕ್ಕ ಕಣಪ್ಪ. ಮಳೆ ಮಾತ್ರ ಎರಡೂ ಕಡೆ ಒಂದೇ ಲೆಕ್ಕದಲ್ಲಿ ಹೊಡೀತದೆ" ಅಂತ ಅವರು ಗೊಣಗುತ್ತಾರೆ.

ಇದು ಯಾರದ್ದೋ ಮರೆವಿನಿಂದ ಉಳಿದದ್ದಲ್ಲ. 1964ರಲ್ಲಿ ಎಲ್ಲ ಭಾಗಗಳಿಗೂ ಒಂದೇ ಭೂಕಂದಾಯ ಕಾಯ್ದೆ ಬಂದಾಗ ಅದರ 79ನೇ ಕಲಮಿನಲ್ಲಿ ಹಳೆಯ ಹಕ್ಕುಗಳನ್ನು ಹೆಸರಿಟ್ಟು ಉಳಿಸಿಕೊಂಡರು. ದಕ್ಷಿಣ ಕನ್ನಡಕ್ಕೆ ಕುಮ್ಕಿ (ಸಾಗುವಳಿ ಜಮೀನಿನ ಪಕ್ಕದ ಸರ್ಕಾರಿ ಜಾಗ ಬಳಸುವ ಹಕ್ಕು), ಉತ್ತರ ಕನ್ನಡಕ್ಕೆ ಬೆಟ್ಟ, ಹಳೇ ಮೈಸೂರಿಗೆ ಕಾನು ಮತ್ತು ಸೊಪ್ಪಿನಬೆಟ್ಟ, ಕೊಡಗಿಗೆ ಜಮ್ಮಾ (ವಂಶಪಾರಂಪರ್ಯದ ಹಿಡುವಳಿ), ಬಾಣೆ. 1956ರ ಹಿಂದಿನ ನಕ್ಷೆ ಬೇಕು ಅನ್ನುವವರು ಗ್ರಂಥಾಲಯ ಹುಡುಕಬೇಕಾಗಿಲ್ಲ. ಆ ಕಲಮು ಓದಿದರೆ ಯಾವ ಭಾಗ ಯಾರ ಕೈಲಿತ್ತು ಅಂತ ಬಿಡಿಸಿ ಹೇಳಬಹುದು. ಕುಮ್ಕಿ ಬೇಕು ಅಂತ ಪುತ್ತೂರಿನವರು ಇವತ್ತಿಗೂ ಹೋರಾಡುತ್ತಾರೆ, ಘಟ್ಟದ ಮೇಲಿನವರಿಗೆ ಆ ಹಕ್ಕು ಏನು ಅಂತಲೇ ಸರಿಯಾಗಿ ಗೊತ್ತಿಲ್ಲ.

ಕೋವಿಯದ್ದೂ ಹಾಗೇ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರು 1861ರಲ್ಲಿ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟರು. ಯುದ್ಧ, ಸ್ವಾತಂತ್ರ್ಯ, ಏಕೀಕರಣ ಎಲ್ಲ ದಾಟಿ ಅದು ನಡೆದುಕೊಂಡು ಬಂತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿತು. ಯಸಳೂರಿನ ಬೆಳೆಗಾರ ಹಂದಿ ಕಾಟ ತಡೆಯಲಾರದೆ ಒಂದು ಕೋವಿ ಇಟ್ಟುಕೊಳ್ಳಬೇಕಾದರೆ ಹಾಸನದ ಡಿಸಿ ಆಫೀಸಿಗೆ ಅರ್ಜಿ ಹಾಕಿ, ಪೊಲೀಸ್ ವರದಿಗೆ ಕಾದು ಕೂರುತ್ತಾನೆ. ಕೊಡಗಿನ ಜಮ್ಮಾದವರಿಗೆ ವಿನಾಯಿತಿ ಪತ್ರ ಇದ್ದರೆ ಆಯಿತು. ಸದ್ಯದ ಆದೇಶದ ಪ್ರಕಾರ ಅದು 2029ರ ಅಕ್ಟೋಬರ್ 31ರವರೆಗೆ.